ಕಲ್ಲು ಯಾರಿಗೆ, ನೀರು ಯಾರಿಗೆ?

ಪುರಾತನ ದೇವಾಲಯವೊಂದರ ಜೀರ್ಣೋದ್ಧಾರಕ್ಕೆ ಕೈಹಚ್ಚಿದಾಗ, ಪ್ರಾಕಾರದ ಮಣ್ಣಿನೊಳಗಿಂದ ಗರ್ಭಗೃಹಕ್ಕೆ ನೇರವಾಗಿ ಸಂಬಂಧಿಸದ ಕಲ್ಲುಗಳು ಹೊರಬೀಳುವುದು ಅನೇಕ ಊರುಗಳ ಅನುಭವ. ಒಂದರ ಮೇಲೆ ಹೆಡೆಬಿಚ್ಚಿದ ನಾಗ, ಇನ್ನೊಂದರ ಮೇಲೆ ಬಳೆ ತೊಟ್ಟು ಮೇಲೆತ್ತಿದ ಕೈ, ಮತ್ತೊಂದರ ಮೇಲೆ ಕತ್ತಿ ಹಿರಿದು ನಿಂತ ಆಳು. ನಾಗರಕಲ್ಲಿಗೆ ಅಶ್ವತ್ಥಕಟ್ಟೆಯುಂಟು, ಬಳೆಯ ಕೈಗೆ ಮಹಾಸತಿಯೆಂದು ಅರಿಸಿನ ಕುಂಕುಮವುಂಟು. ಕತ್ತಿ ಹಿಡಿದವನ ಕಲ್ಲನ್ನು ಎಲ್ಲಿಡಬೇಕೆಂದು ಕಲ್ಲುಕುಟಿಗನು ಕೇಳಿದಾಗ ಮಾತ್ರ ಊರಿನ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಇವನು ಯಾರ ಕಡೆಯವನು? ಈ ನೆಲವನ್ನು ಕಾಯುತ್ತ ಬಿದ್ದವನೋ, ಈ ನೆಲವನ್ನು ಕಿತ್ತುಕೊಳ್ಳಲು ಬಂದು ಬಿದ್ದವನೋ? ಹೆಸರಿನ ಸಾಲು ಸವೆದುಹೋಗಿದೆ. ಅವನು ಉಂಡ ಉಪ್ಪು ಯಾವ ಅರಸನದೆಂಬುದನ್ನು ಹೇಳಬಲ್ಲವರು ಊರಿನಲ್ಲಿ ಯಾರೂ ಇಲ್ಲ.

ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಅದರ ಬೇರು ಆಳದಲ್ಲಿದೆ. ಯುದ್ಧದಲ್ಲಿ ಮಡಿದ ತನ್ನವರನ್ನು ಸ್ಮರಿಸುವುದು ಧರ್ಮವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಎದುರು ಕಡೆಯಲ್ಲಿ ಮಡಿದವರನ್ನೂ ಸ್ಮರಿಸಬೇಕೆ, ಸ್ಮರಿಸುವುದಾದರೆ ಎಷ್ಟರ ಮಟ್ಟಿಗೆ ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ವೀರಗಲ್ಲೆಂಬ ಹೆಸರು ಕನ್ನಡ ತೆಲುಗುಗಳೆರಡಕ್ಕೂ ಸಮಾನವಾದುದು. ಮನೆಯಲ್ಲೊಂದು ಮಾತು, ಸಂತೆಯಲ್ಲೊಂದು ಮಾತು ಆಡುವ ಕೋಸಗಿ, ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಜನರಿಗೆ ಅದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂತಸ್ತುಗಳು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವ ಚಿತ್ರ, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ವೀರ, ಅವನ ತಲೆಯ ಮೇಲೆ ಚಂದ್ರಸೂರ್ಯರು. ನೋಡುವವರ ಕಣ್ಣು ಮೇಲಿನ ಎರಡು ಅಂತಸ್ತುಗಳಿಗೆ ಹೋಗುತ್ತದೆ. ಕೆಳಗಿನದನ್ನು ನಿಧಾನವಾಗಿ ನೋಡಿದರೆ ಅಲ್ಲಿ ಇನ್ನೊಬ್ಬನಿರುತ್ತಾನೆ. ವೀರನ ಎದುರಿಗೆ ಬಿಲ್ಲು ಹಿಡಿದವನು, ಕುದುರೆಯ ಕಾಲ ಕೆಳಗೆ ಉರುಳಿದವನು. ಆಕಾರದಲ್ಲಿ ಕಿರಿಯನು, ಹೆಸರಿಲ್ಲದವನು. ಅವನನ್ನು ಒಯ್ಯಲು ಯಾವ ಅಪ್ಸರೆಯೂ ಬಾರಳು. ಆದರೂ ಶಿಲ್ಪಿ ಅವನನ್ನು ಬಿಟ್ಟಿಲ್ಲ. ಎದುರಾಳಿಯಿಲ್ಲದೆ ಕಾಳಗವನ್ನು ಕೆತ್ತುವುದು ಹೇಗೆ?

ಆ ಹೆಸರಿಲ್ಲದವನಿಗೂ ಒಂದು ಊರಿತ್ತು. ನದಿಯಾಚೆಯ ಆ ಊರಿನ ಬಾಗಿಲಲ್ಲಿ ಅವನಿಗೂ ಒಂದು ಕಲ್ಲನ್ನು ನಿಲ್ಲಿಸಿರಬಹುದು. ಅಲ್ಲಿ ಅವನು ದೊಡ್ಡವನು, ಇಲ್ಲಿಯವನು ಕಾಲ ಕೆಳಗಿನವನು. ಎರಡು ಕಲ್ಲುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದ ಹೊರತು ಆ ದಿನ ಸತ್ತವರ ಲೆಕ್ಕ ಪೂರ್ತಿಯಾಗದು. ಜಮೆಯೊಂದನ್ನೇ ಬರೆದು ಖರ್ಚನ್ನು ಬಿಟ್ಟ ಕಿರ್ದಿಯನ್ನು ಯಾವ ಪಟವಾರಿಯೂ ಒಪ್ಪಿಕೊಳ್ಳಲಾರ. ಮಡಿದವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ಹಿಂದಿನವರು ನೆತ್ತರುಕೊಡಗೆ ಎಂದರು. ತೆಲುಗಿನ ನೆತ್ತುರೂ ಅದೇ ನೆತ್ತರು. ಆ ಭೂಮಿ ಗೆದ್ದವನ ಅಥವಾ ಕಾದು ಉಳಿಸಿದವನ ಕಡೆಯ ವಿಧವೆಗೆ ದೊರೆಯಿತು. ಸೋತವನ ವಿಧವೆಗೆ ಏನು ದೊರೆಯಿತೆಂಬುದನ್ನು ಕೆತ್ತಿದ ಶಾಸನ ವಿರಳ.

ಈ ಸೀಮೆಗೆ ಹತ್ತಿರವಾದ ಒಂದು ನಿದರ್ಶನವನ್ನು ನೋಡಬಹುದು. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ, ಇಂದಿನ ಮಳಖೇಡ, ಇಲ್ಲಿಗೆ ದೂರದ ಸ್ಥಳವಲ್ಲ. ಅಲ್ಲಿಂದ ಆಳಿದ ಮೂರನೆಯ ಕೃಷ್ಣನು ಚೋಳರ ಮೇಲೆ ದಂಡೆತ್ತಿ ಹೋಗಿ ತಕ್ಕೋಲದಲ್ಲಿ ಕಾದಿದನು. ಚೋಳ ರಾಜಕುಮಾರ ರಾಜಾದಿತ್ಯನು ಆನೆಯ ಮೇಲೆಯೇ ಮಡಿದನು. ಈ ಸಂಗತಿಯನ್ನು ಕನ್ನಡದಲ್ಲಿ ಹೇಳುವುದು ಶಕವರ್ಷ ೮೭೨ರ, ಎಂದರೆ ಕ್ರಿ.ಶ. ೯೪೯–೫೦ರ, ಆತಕೂರು ಶಾಸನ. ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ಬೂತುಗನು ರಾಜಾದಿತ್ಯನನ್ನು ಕೊಂದನೆಂದು ಅದು ಶತ್ರುವಿನ ಹೆಸರನ್ನೆತ್ತಿಯೇ ಹೇಳುತ್ತದೆ. ಅದೇ ಸಾವನ್ನು ಚೋಳರ ಕಡೆಯವರೂ ಬರೆಸಿದ್ದಾರೆ. ಲೈಡನ್ ತಾಮ್ರಪಟಗಳೆಂದು ಹೆಸರಾದ ಅವರ ಶಾಸನವು ರಾಜಾದಿತ್ಯನು ಕೃಷ್ಣರಾಜನೊಡನೆ ಕಾದಿ, ಗಜದ ಬೆನ್ನ ಮೇಲೆಯೇ ಅಸುವನ್ನು ಬಿಟ್ಟು ವೀರಸ್ವರ್ಗಕ್ಕೆ ಸಂದನೆಂದು ಕೊಂಡಾಡುತ್ತದೆ. ಒಂದೇ ಸಾವು, ಒಂದು ಕಡೆ ಜಯ, ಇನ್ನೊಂದು ಕಡೆ ಯಶಸ್ಸು. ಎರಡೂ ಕಡೆ ಅವನ ಹೆಸರು ಉಳಿಯಿತು, ಏಕೆಂದರೆ ಅವನು ರಾಜಪುತ್ರ. ಅವನ ಆನೆಯ ಸುತ್ತ ಬಿದ್ದ ಕಾಲಾಳುಗಳಿಗೆ ಆ ಭಾಗ್ಯವಿಲ್ಲ. ಆತಕೂರಿನ ಕಲ್ಲಿನ ವಿಷಯದಲ್ಲಿ ಇನ್ನೊಂದು ಸೋಜಿಗವಿದೆ. ಆ ಕಲ್ಲು ನಿಂತದ್ದು ತಕ್ಕೋಲದಲ್ಲಿ ಸತ್ತ ಸೈನಿಕರಿಗಾಗಿಯಲ್ಲ. ಅಲ್ಲಿ ಕಾದಿದ ಮಣಲೇರನೆಂಬ ವೀರನ ಕಾಳಿ ಎಂಬ ಬೇಟೆನಾಯಿಗಾಗಿ. ಕಾಡುಹಂದಿಯೊಡನೆ ಹೋರಾಡಿ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವು. ಕಲ್ಲಿಗೆ ಪೂಜೆ ಮಾಡದೆ ಗುಡಿಯ ಗೊರವನು ಉಣ್ಣಬಾರದೆಂಬ ಕಟ್ಟಳೆಯೂ ಅದರಲ್ಲಿದೆ. ನಾಯಿಗೆ ನಿತ್ಯಪೂಜೆಯನ್ನು ವಿಧಿಸಿದ ಆ ಕಾಲದ ಜನರನ್ನು ಕೃತಜ್ಞತೆಯಿಲ್ಲದವರೆಂದು ಯಾರೂ ಹೇಳಲಾರರು. ಆದರೂ ತಕ್ಕೋಲದ ಕಾಲಾಳುಗಳ ಹೆಸರು ಅದರಲ್ಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಊರಿಗೆ ಬೆಂಕಿಯಿಡಲು ಬಂದವನನ್ನೂ ಊರನ್ನು ಉಳಿಸಲು ಸತ್ತವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೆ? ಹಾಗೆ ತೂಗಿದರೆ ಕಾಯ್ದವನಿಗೆ ಅನ್ಯಾಯವಾಗುವುದಿಲ್ಲವೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು. ರಾಮಾಯಣದಲ್ಲಿ ಇದನ್ನು ಎತ್ತಿದವನು ರಾವಣನ ತಮ್ಮನಾದ ವಿಭೀಷಣನೇ. ಅಣ್ಣನ ಹೆಣ ಕಣ್ಣೆದುರಿಗಿದೆ. ಅವನು ಕ್ರೂರಿ, ಪರಸ್ತ್ರೀಯನ್ನು ಅಪಹರಿಸಿದವನು, ಅವನಿಗೆ ಸಂಸ್ಕಾರ ಮಾಡಲಾರೆನೆಂದು ವಿಭೀಷಣನು ಹಿಂಜರಿದನು. ಹಗೆಯು ಸಾವಿನೊಡನೆ ಮುಗಿಯಿತೆಂದೂ, ಈಗ ಅವನು ತಮ್ಮನಿಗೆ ಎಷ್ಟು ಬಂಧುವೋ ತನಗೂ ಅಷ್ಟೇ ಬಂಧುವೆಂದೂ ಹೇಳಿ ಸಂಸ್ಕಾರ ಮಾಡಿಸಿದವನು ಶ್ರೀರಾಮ. ಸೀತೆಯನ್ನು ಕಳೆದುಕೊಂಡಿದ್ದವನ ಬಾಯಿಂದ ಬಂದ ಮಾತಾದುದರಿಂದಲೇ ಅದಕ್ಕೆ ಬೆಲೆ. ದಂಡೆಯ ಮೇಲೆ ನಿಂತು ನೋಡಿದವನು ಹೇಳಿದ್ದರೆ ಯಾರು ಕೇಳುತ್ತಿದ್ದರು? ರಾಮನು ರಾವಣನ ಅಪರಾಧವನ್ನು ಅಲ್ಲಗಳೆಯಲಿಲ್ಲ, ಅವನಿಗೆ ಕೀರ್ತಿಸ್ತಂಭವನ್ನೂ ನಿಲ್ಲಿಸಲಿಲ್ಲ. ಅವನಿಗೆ ಸಲ್ಲಬೇಕಾದ ಬೆಂಕಿಯನ್ನೂ ನೀರನ್ನೂ ಸಲ್ಲಿಸಿದನು.

ಮಹಾಭಾರತದಲ್ಲಿ ಈ ವಿಷಯವು ಇನ್ನೂ ವಿಸ್ತಾರವಾಗಿ ಬರುತ್ತದೆ. ಸ್ತ್ರೀಪರ್ವವನ್ನು ಶುಭದಿನಗಳಲ್ಲಿ ಓದಿಸುವ ವಾಡಿಕೆಯಿಲ್ಲದಿರುವುದರಿಂದ ಪುರಾಣಶ್ರವಣಕ್ಕೆ ಬರುವ ಎಷ್ಟೋ ಮಂದಿಗೆ ಅದರ ಪರಿಚಯ ಕಡಿಮೆ. ಯುದ್ಧ ಮುಗಿದ ಮೇಲೆ ಧರ್ಮರಾಯನು ವಿದುರ, ಸಂಜಯ, ಧೌಮ್ಯ ಮೊದಲಾದವರನ್ನು ಕರೆದು, ಎರಡು ಪಕ್ಷದಲ್ಲಿ ಬಿದ್ದವರೆಲ್ಲರ ದಹನಕ್ಕೂ ಏರ್ಪಾಡು ಮಾಡಿಸಿದನು. ದುರ್ಯೋಧನನಿಗೂ ಚಿತೆ, ಅಭಿಮನ್ಯುವಿಗೂ ಚಿತೆ. ದೂರದೇಶಗಳಿಂದ ಬಂದು, ತಮ್ಮವರೆಂಬುವರು ಒಬ್ಬರೂ ಇಲ್ಲದೆ ಬಿದ್ದಿದ್ದ ಸಾವಿರಾರು ಜನರನ್ನು ರಾಶಿಮಾಡಿ ವಿಧಿಪೂರ್ವಕವಾಗಿ ಸುಡಿಸಿದನು. ಆಮೇಲೆ ಎಲ್ಲರೂ ಗಂಗೆಗೆ ಇಳಿದು ನೀರು ಬಿಡುವ ಹೊತ್ತಿಗೆ ಕುಂತಿ ಬಾಯಿಬಿಟ್ಟಳು: ಕರ್ಣನಿಗೂ ನೀರು ಬಿಡಿರಿ, ಅವನು ನಿಮಗೆಲ್ಲ ಹಿರಿಯ. ರಣದಲ್ಲಿ ಶತ್ರುವೆಂದು ಬಾಣ ಬಿಟ್ಟವನು ಒಡಹುಟ್ಟಿದವನೆಂದು ತಿಳಿದದ್ದು ತರ್ಪಣದ ಹೊತ್ತಿನಲ್ಲಿ. ಎದುರು ಪಕ್ಷದವನನ್ನು ಅರಿಯುವ ಅವಕಾಶ ಬಹಳ ಸಲ ಅಷ್ಟು ತಡವಾಗಿಯೇ ಒದಗುತ್ತದೆ.

ಶಾಂತಿಪರ್ವದಲ್ಲಿ ಬರುವ ಇನ್ನೊಂದು ಸಂಗತಿ ಇದಕ್ಕಿಂತಲೂ ಹೆಚ್ಚು ಗಮನಾರ್ಹ. ಪಟ್ಟವೇರಿದ ಧರ್ಮರಾಯನು ದ್ರೋಣ ಕರ್ಣರಿಗೂ, ದ್ರುಪದ ವಿರಾಟರಿಗೂ, ಅಭಿಮನ್ಯು ಘಟೋತ್ಕಚರಿಗೂ ಬೇರೆಬೇರೆಯಾಗಿ ಶ್ರಾದ್ಧಗಳನ್ನು ಮಾಡಿಸಿದನು. ಶ್ರಾದ್ಧ ಮಾಡುವವರಿಲ್ಲದ ರಾಜರ ಹೆಸರಿನಲ್ಲಿ ಛತ್ರ, ಅರವಟ್ಟಿಗೆ, ಕೆರೆಗಳನ್ನು ಕಟ್ಟಿಸಿದನು. ಗಂಡಂದಿರನ್ನೂ ಮಕ್ಕಳನ್ನೂ ಕಳೆದುಕೊಂಡ ಸ್ತ್ರೀಯರನ್ನೆಲ್ಲ ಪಕ್ಷಭೇದವಿಲ್ಲದೆ ಪೋಷಿಸಿದನು. ಗೆದ್ದವನ ಕಡೆಗೆ ಮಾತ್ರ ಸಲ್ಲುತ್ತಿದ್ದ ನೆತ್ತರುಕೊಡಗೆಯನ್ನು ಅವನು ಸೋತವನ ಮನೆಗೂ ಮುಟ್ಟಿಸಿದನೆಂದು ಹೇಳಬಹುದು. ಹಾಗೆಂದ ಮಾತ್ರಕ್ಕೆ ಪಾಂಡವರು ಎಲ್ಲವನ್ನೂ ಮನ್ನಿಸಿದರೆಂದಲ್ಲ. ನಿದ್ರಿಸುತ್ತಿದ್ದ ಪಾಳೆಯಕ್ಕೆ ನುಗ್ಗಿ ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಅವರು ಬೆನ್ನಟ್ಟಿ ಹಿಡಿದರು, ತಲೆಯ ಮಣಿಯನ್ನು ಕಸಿದರು. ಅವನು ಶಾಪಹೊತ್ತು ಅಲೆಯಬೇಕಾಯಿತು. ರಣದಲ್ಲಿ ಎದುರುನಿಂತು ಸತ್ತ ಶತ್ರು ಒಬ್ಬ. ಮಲಗಿದವರ ಮೇಲೆ ಕೈಮಾಡಿದ ಶತ್ರು ಬೇರೊಬ್ಬ. ಈ ವ್ಯತ್ಯಾಸವನ್ನು ವ್ಯಾಸರು ಎಲ್ಲಿಯೂ ಅಳಿಸಿಲ್ಲ.

ಆದುದರಿಂದ ನೀರು ಬೇರೆ, ಕಲ್ಲು ಬೇರೆಯೆಂದು ತಿಳಿಯುವುದು ಮೇಲು. ನೀರು ಸತ್ತವನಿಗೆಲ್ಲ ಸಲ್ಲುತ್ತದೆ. ಅದಕ್ಕೆ ಗುಣಾವಗುಣಗಳ ಪರೀಕ್ಷೆಯಿಲ್ಲ. ಕಲ್ಲು ಗೌರವದ ಗುರುತು. ಅದು ಕೊಟ್ಟ ಮಾತಿಗೆ ನಿಂತು, ಆಯುಧ ಹಿಡಿದವನೊಡನೆ ಮಾತ್ರ ಕಾದಿ ಬಿದ್ದವನಿಗೆ ಸಲ್ಲತಕ್ಕುದು. ಅವನು ಯಾವ ಕಡೆಯವನಾದರೂ ಆಗಲಿ. ಮಾಘ ಶುದ್ಧ ಅಷ್ಟಮಿಯಂದು ಮಕ್ಕಳಿಲ್ಲದ ಭೀಷ್ಮನಿಗೆ ಲೋಕದವರೆಲ್ಲ ಮಕ್ಕಳಂತೆ ತರ್ಪಣ ಕೊಡುವ ಸಂಪ್ರದಾಯವನ್ನು ಈ ದೃಷ್ಟಿಯಿಂದ ನೋಡಬೇಕು. ಭೀಷ್ಮನು ಹತ್ತು ದಿನ ಕೌರವಸೇನೆಗೆ ಅಧಿಪತಿಯಾಗಿದ್ದವನು. ಪಾಂಡವರ ಜಯವನ್ನು ಧರ್ಮದ ಜಯವೆಂದು ನಂಬಿದ ಜನರೇ ವರ್ಷವರ್ಷವೂ ಸೋತ ಸೇನಾಪತಿಗೆ ನೀರು ಬಿಡುತ್ತಾರೆ. ಅದರಲ್ಲಿ ವಿರೋಧವಿದೆಯೆಂದು ಇಂದಿನವರೆಗೆ ಯಾರಿಗೂ ತೋರಿಲ್ಲ. ಚಾಲುಕ್ಯರ ಆಶ್ರಯದಲ್ಲಿದ್ದ ಕವಿ ರನ್ನನು ತನ್ನ ಗದಾಯುದ್ಧದಲ್ಲಿ, ಸೋತು ಹೆಣಗಳ ನಡುವೆ ನಡೆದುಹೋಗುವ ದುರ್ಯೋಧನನನ್ನು ಅಭಿಮನ್ಯುವಿನ ಕಳೇಬರದ ಮುಂದೆ ನಿಲ್ಲಿಸುತ್ತಾನೆ. ಆ ಛಲದಂಕಮಲ್ಲನು ಶತ್ರುವಿನ ಹಸುಮಗನ ಶೌರ್ಯಕ್ಕೆ ಕೈಮುಗಿದು, ತನಗೂ ಅಂಥ ಮರಣವೇ ಬರಲೆಂದು ಬಯಸುತ್ತಾನೆ. ಊರೂರುಗಳ ಪೀರಲ ಹಬ್ಬದಲ್ಲಿ ಕರ್ಬಲೆಯ ರಣದಲ್ಲಿ ಸೋತು ಮಡಿದವರಿಗಾಗಿ ಹಿಂದೂ ಮನೆಗಳವರೂ ಬೆಲ್ಲದ ಪಾನಕ ಹಂಚುವುದನ್ನು ಕಂಡವರಿಗೆ ಈ ಮಾತು ಹೊಸದಾಗಿ ತೋರದು.

ಗೆದ್ದ ಅರಸನೇ ಸೋತವರ ಸಾವನ್ನು ಲೆಕ್ಕಹಾಕಿ ಕಲ್ಲಿನ ಮೇಲೆ ಬರೆಸಿದ ನಿದರ್ಶನವೂ ದೇಶದಲ್ಲಿದೆ. ಕಳಿಂಗಯುದ್ಧದಲ್ಲಿ ಒಂದೂವರೆ ಲಕ್ಷ ಜನರು ಸೆರೆಯಾಗಿ ಒಯ್ಯಲ್ಪಟ್ಟರು, ಒಂದು ಲಕ್ಷ ಜನರು ಹತರಾದರು, ಅದರ ಎಷ್ಟೋ ಪಾಲು ಜನರು ಬೇರೆ ಬಗೆಯಾಗಿ ಸತ್ತರು ಎಂದು ಅಶೋಕನು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಹೇಳಿ ಪಶ್ಚಾತ್ತಾಪಪಟ್ಟನು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೆ ಅದು ಇಂದಿಗೂ ಇದೆ. ವಿಚಿತ್ರವೆಂದರೆ, ಕಳಿಂಗದ ಧೌಲಿ ಜೌಗಡಗಳಲ್ಲಿ ಆ ಶಾಸನವನ್ನು ಬರೆಸಲಿಲ್ಲ; ಅದಕ್ಕೆ ಬದಲಾಗಿ, ಪ್ರಜೆಗಳೆಲ್ಲ ತನ್ನ ಮಕ್ಕಳೆಂದು ಹೇಳುವ ಬೇರೆ ಶಾಸನಗಳನ್ನು ಬರೆಸಿದನು. ತಂದೆಯನ್ನು ಕಳೆದುಕೊಂಡವರ ಮನೆಯ ಮುಂದೆ ಕೊಂದವನು ತನ್ನ ದುಃಖವನ್ನು ಸಾರುವುದು ಉಚಿತವಲ್ಲವೆಂಬ ಸಂಕೋಚವಿದ್ದಿರಬಹುದು. ಗಾಯವನ್ನು ಕೆದಕಬಾರದೆಂಬ ರಾಜನೀತಿಯೂ ಇದ್ದಿರಬಹುದು. ಅಷ್ಟೆಲ್ಲ ಮರುಗಿದ ಅರಸನು ಗೆದ್ದ ನಾಡನ್ನು ಮರಳಿ ಕೊಡಲಿಲ್ಲವೆಂಬುದನ್ನೂ ಮರೆಯಬಾರದು. ಕಳಿಂಗಕ್ಕಾಗಿ ಬರೆಸಿದ ಆ ಬೇರೆ ಶಾಸನಗಳ ಪ್ರತಿಯು ಕಳಿಂಗದ ಹೊರಗೆ ದೊರೆತದ್ದು ಭೀಮಾತೀರದ ಸನ್ನತಿಯಲ್ಲಿ. ೧೯೮೦ರ ದಶಕದಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾಗುಡಿಯ ಮಾಡು ಕುಸಿದು, ಅದನ್ನು ಸರಿಪಡಿಸಲು ಹೊರಟಾಗ, ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನವೆಂದು ತಿಳಿದುಬಂದಿತು. ಪೀಠಕ್ಕಾಗಿ ಅದರ ನಡುವೆ ತೂತು ಕೊರೆದಿದ್ದರು. ಜೀರ್ಣೋದ್ಧಾರದ ಕಾಲದಲ್ಲಿ ಕಲ್ಲುಗಳನ್ನು ತಿರುವಿ ನೋಡದೆ ಬಳಸಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಒಂದೇ ಕಡೆಯವರ ನೆನಪಿಗೆ ನಿಲ್ಲಿಸಿದ ಕಲ್ಲಿನ ಗತಿಯನ್ನೂ ನೋಡಬೇಕು. ೧೭೯೧ರಲ್ಲಿ ಇಂಗ್ಲಿಷರು ಟಿಪ್ಪುವಿನ ಸೈನ್ಯದಿಂದ ಬೆಂಗಳೂರು ಕೋಟೆಯನ್ನು ಹಿಡಿದಾಗ ಮಡಿದ ತಮ್ಮ ಕಡೆಯವರಿಗಾಗಿ ಆ ನಗರದಲ್ಲಿ ಒಂದು ಸ್ತಂಭವೆದ್ದಿತು. ಕೋಟೆಯೊಳಗೆ ಬಿದ್ದ ಮೈಸೂರಿನ ಸೈನಿಕರ ಮಾತು ಅದರಲ್ಲಿರಲಿಲ್ಲ. ಸ್ವಾತಂತ್ರ್ಯಾನಂತರ ಅದನ್ನು ಅಪಮಾನದ ಗುರುತೆಂದು ಭಾವಿಸಿ ೧೯೬೪ರಲ್ಲಿ ಕೆಡವಲಾಯಿತು. ಕೆಡವಿದವರ ಮನಸ್ಸನ್ನು ಅರಿಯಬಹುದು. ಆದರೆ ಆ ಸ್ತಂಭ ಹೋದುದರಿಂದ ಮೈಸೂರಿನ ಸೈನಿಕರ ಹೆಸರುಗಳು ಬರಲಿಲ್ಲ. ಇದ್ದವರ ಹೆಸರುಗಳೂ ಹೋದುವು. ಕೂಲಿಗೆ ಬಂದ ಸಿಪಾಯಿಯೊಬ್ಬನಿಗೆ ಸಾಮ್ರಾಜ್ಯದಿಂದ ಏನು ಲಾಭವಿತ್ತು?

ಈಗ ಈ ಸೀಮೆಯ ಮಾತಿಗೆ ಬರಬೇಕು. ಇತರರ ಯುದ್ಧಗಳ ವಿಷಯದಲ್ಲಿ ಉದಾರವಾಗಿರುವುದು ಸುಲಭ. ಮನೆಯಂಗಳದಲ್ಲಿ ನಡೆದುದರ ವಿಷಯದಲ್ಲಿ ಕಷ್ಟ. ಕೋಸಗಿಯೂ ಸುತ್ತಲಿನ ಊರುಗಳೂ ೧೯೪೮ರವರೆಗೆ ನಿಜಾಮನ ಹೈದರಾಬಾದು ಸಂಸ್ಥಾನದವು. ನೆರೆಯ ಕೊಡಂ‍ಗಲ್ ತಾಲ್ಲೂಕು ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಗುಲಬರ್ಗಾ ಜಿಲ್ಲೆಯಲ್ಲಿಯೂ, ಗದ್ವಾಲ ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿಯೂ ಇದ್ದುವು. ಆ ಸಂಸ್ಥಾನದ ಸೈನ್ಯಕ್ಕೂ ಒಂದು ಕೀರ್ತಿಯ ಕಾಲವಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಹೈದರಾಬಾದು, ಮೈಸೂರು, ಜೋಧಪುರಗಳ ಅಶ್ವದಳಗಳು ಒಂದೇ ದಳವಾಗಿ ಸೂಯೆಜ್, ಪ್ಯಾಲೆಸ್ಟೈನುಗಳಲ್ಲಿ ಕಾದಿದುವು. ಆ ಮೂರು ಸಂಸ್ಥಾನಗಳ ಮೂವರು ಸವಾರರ ಪ್ರತಿಮೆಗಳೇ ೧೯೨೨ರಲ್ಲಿ ದೆಹಲಿಯಲ್ಲಿ ನಿಂತ ತೀನ್‌ಮೂರ್ತಿ. ೨೦೧೮ರಲ್ಲಿ ಆ ಚೌಕಕ್ಕೆ ಹೈಫಾ ಊರಿನ ಹೆಸರನ್ನೂ ಸೇರಿಸಿದರು. ಹೈದರಾಬಾದಿನ ಸೈನಿಕನು ಅಲ್ಲಿ ಗೌರವದಿಂದ ನಿಂತಿದ್ದಾನೆ. ಮೂವತ್ತು ವರ್ಷಗಳ ತರುವಾಯ ಅದೇ ಸಂಸ್ಥಾನದ ಸೈನಿಕನು ದೆಹಲಿಯ ಸೈನ್ಯಕ್ಕೆ ಎದುರಾಗಿ ನಿಲ್ಲಬೇಕಾಯಿತು.

೧೯೪೮ರ ಸೆಪ್ಟೆಂಬರ್ ೧೩ರಂದು ಮೊದಲಾದ ಕಾರ್ಯಾಚರಣೆ ೧೭ರಂದು ಮುಗಿಯಿತು. ಐದು ದಿನಗಳ ಕೆಲಸವಾದುದರಿಂದ ಜನರು ಅದನ್ನು ಯುದ್ಧವೆನ್ನದೆ ಪೊಲೀಸ್ ಆ್ಯಕ್ಷನ್ ಎಂದೇ ಕರೆಯುತ್ತ ಬಂದಿದ್ದಾರೆ. ಸತ್ತವರಿಗೆ ಮಾತ್ರ ಅದು ಯುದ್ಧವೇ. ಮೊದಲನೆಯ ದಿನವೇ ನಳದುರ್ಗದ ಬಳಿ ಸಿಖ್ ರೆಜಿಮೆಂಟಿನ ಹವಾಲ್ದಾರ್ ಬಚಿತ್ತರ್ ಸಿಂಗರು ಮಡಿದರು. ಅವರಿಗೆ ಮರಣೋತ್ತರವಾಗಿ ಅಶೋಕಚಕ್ರ ಸಂದಿತು. ತುಂಗಭದ್ರೆಯ ರೈಲು ಸೇತುವೆಯ ಬಳಿ ಗೂರ್ಖಾ ನಾಯಕ್ ನರಬಹಾದೂರ್ ಥಾಪಾ ಅವರು ಗುಂಡಿನ ಮಳೆಯಲ್ಲಿ ಬಯಲನ್ನು ದಾಟಿ, ಖುಕ್ರಿಯೊಂದರಿಂದಲೇ ಎದುರಿನವರ ಬಂದೂಕಿನ ಠಾಣೆಯನ್ನು ಹಿಡಿದರು. ಅವರಿಗೂ ಅದೇ ಪದಕ ದೊರೆಯಿತು. ಅವರ ಪರಾಕ್ರಮವು ಎಲ್ಲ ಗೌರವಕ್ಕೂ ಅರ್ಹವಾದುದು. ಆ ಠಾಣೆಯಲ್ಲಿ ಖುಕ್ರಿಗೆ ಬಿದ್ದವರು ಯಾರು? ಪದಕದ ಪ್ರಶಸ್ತಿಪತ್ರದಲ್ಲಿ ಅವರ ಹೆಸರಿರುವುದಿಲ್ಲ. ವೀರಗಲ್ಲಿನ ಕೆಳಗಿನ ಅಂತಸ್ತಿನವನ ಸ್ಥಾನವೇ ಅವರದೂ. ಸೇತುವೆಯನ್ನು ಕಾಯಬೇಕೆಂದು ಅಪ್ಪಣೆಯಾಯಿತು, ಕಾಯ್ದರು, ಸತ್ತರು. ಅವರ ಪದಕಕ್ಕೆ ಅಶೋಕನ ಹೆಸರಿಲ್ಲ. ಶತ್ರುಗಳ ಸಾವನ್ನೂ ಲೆಕ್ಕಹಾಕಿಸಿದ ಅರಸನ ಹೆಸರು ಅದು.

ಅವರನ್ನು ಕಾದಾಟಕ್ಕೆ ಇಳಿಸಿದವರ ಗತಿ ಏನಾಯಿತೆಂಬುದೂ ತಿಳಿದ ವಿಷಯ. ನಿಜಾಮನು ೧೯೫೦ರ ಜನವರಿ ೨೬ರಿಂದ ಅದೇ ಹೈದರಾಬಾದಿಗೆ ರಾಜಪ್ರಮುಖನಾದನು. ಪ್ರಧಾನಿಯಾಗಿದ್ದ ಲಾಯಕ್ ಅಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನವನ್ನು ಸೇರಿದನು. ರಜಾಕಾರರ ನಾಯಕ ಕಾಸಿಂ ರಜ್ವಿ ಸೆರೆವಾಸ ಮುಗಿಸಿ ೧೯೫೭ರಲ್ಲಿ ಅಲ್ಲಿಗೇ ಹೋದನು. ಅಪ್ಪಣೆ ಕೊಟ್ಟವರಿಗೆ ಪದವಿಯೋ ಪಲಾಯನವೋ ದೊರೆಯಿತು. ಅಪ್ಪಣೆಯನ್ನು ಪಾಲಿಸಿದವನಿಗೆ ಸೇತುವೆಯ ಕೆಳಗಿನ ಮರಳು. ಅರಸನಿಗೆ ಕ್ಷಮೆ ಸಲ್ಲುವುದಾದರೆ ಅವನ ಕಾಲಾಳಿಗೆ ಒಂದು ಬೊಗಸೆ ನೀರು ಸಲ್ಲದೆಂದು ಹೇಳುವುದು ಯಾವ ನ್ಯಾಯ?

ರಜಾಕಾರರ ಮಾತು ಬೇರೆ. ಅವರು ಸಂಬಳದ ಸೈನಿಕರಲ್ಲ. ಅವರು ಸುಟ್ಟ ಹಳ್ಳಿಗಳ, ಕೊಂದ ನಿರಾಯುಧರ ನೆನಪು ಈ ಭಾಗದ ಮನೆಗಳಲ್ಲಿ ಆರಿಲ್ಲ. ಆ ಮನೆಗಳ ಮುಂದೆ ನಿಂತು ಎಲ್ಲರೂ ಸಮಾನರೆಂದು ಹೇಳುವವನು ಧರ್ಮವನ್ನು ಅರಿತವನಲ್ಲ. ಮಲಗಿದ ಪಾಳೆಯಕ್ಕೆ ನುಗ್ಗಿದವನ ವಿಷಯದಲ್ಲಿ ವ್ಯಾಸರು ಇಟ್ಟ ಗೆರೆಯೇ ಇಲ್ಲಿಯೂ ಗೆರೆ: ಅಂಥವನು ಸತ್ತರೆ ನೀರು ಸಲ್ಲುತ್ತದೆ, ಕಲ್ಲು ಸಲ್ಲದು. ಆ ಗೆರೆ ಒಂದೇ ಕಡೆಗೆ ಎಳೆದುದಾಗಬಾರದು. ಕಾರ್ಯಾಚರಣೆ ಮುಗಿದ ಮೇಲೆ, ಸೇಡಿನ ಹೆಸರಿನಲ್ಲಿ, ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಮುಸಲ್ಮಾನ ಒಕ್ಕಲಿಗರೂ ನೇಕಾರರೂ ಹತರಾದರು. ಭಾರತ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಸಂಸ್ಥಾನದಲ್ಲೆಲ್ಲ ಹಾಗೆ ಸತ್ತವರ ಸಂಖ್ಯೆಯನ್ನು ೨೭,೦೦೦ದಿಂದ ೪೦,೦೦೦ವೆಂದು ಅಂದಾಜು ಮಾಡಿತು. ಗುಲಬರ್ಗಾ, ಬೀದರ, ಉಸ್ಮಾನಾಬಾದು, ನಾಂದೇಡಗಳು ಹೆಚ್ಚು ನೊಂದ ಜಿಲ್ಲೆಗಳು. ಆ ವರದಿ ಬಹುಕಾಲ ಬೆಳಕಿಗೆ ಬರಲಿಲ್ಲ. ಇವರು ಸೈನಿಕರಲ್ಲದುದರಿಂದ ಈ ಲೇಖನದ ವ್ಯಾಪ್ತಿಗೆ ಬರುವವರಲ್ಲವೆಂದು ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಸೆಪ್ಟೆಂಬರ್ ೧೭ಕ್ಕೆ ಗಡಿಯ ಎರಡು ಕಡೆಯೂ ಹೆಸರುಗಳು ಬದಲಾಗುತ್ತ ಬಂದಿವೆ. ಕರ್ನಾಟಕದಲ್ಲಿ ಅದು ವಿಮೋಚನಾ ದಿನವಾಗಿದ್ದು, ೨೦೧೯ರಿಂದ ಕಲ್ಯಾಣ ಕರ್ನಾಟಕ ಉತ್ಸವವಾಗಿದೆ. ತೆಲಂಗಾಣದಲ್ಲಿ ಒಬ್ಬರು ವಿಮೋಚನೆಯೆಂದರು, ಒಬ್ಬರು ವಿಲೀನವೆಂದರು, ಮತ್ತೊಬ್ಬರು ಸಮಗ್ರತೆಯೆಂದರು. ಧ್ವಜದ ಕೆಳಗೆ ನಿಂತು ಹೇಳತಕ್ಕ ಹೆಸರಿನ ವಿಷಯದಲ್ಲಿ ಒಮ್ಮತ ಬೇಗ ಬರಲಾರದು. ಪಂಚಾಂಗದ ಸಂಗತಿಯೊಂದು ಮಾತ್ರ ಈ ವಾದಗಳಿಗೆ ಹೊರತಾಗಿದೆ. ಹೈದರಾಬಾದಿನ ಸೇನಾಪತಿ ಎಲ್ ಎದ್ರೂಸರು ಜನರಲ್ ಚೌಧುರಿಯವರಿಗೆ ಶರಣಾದ ಸೆಪ್ಟೆಂಬರ್ ೧೮ ಆ ವರ್ಷ ಭಾದ್ರಪದದ ಹುಣ್ಣಿಮೆ. ಮರುದಿನದಿಂದ ಪಿತೃಪಕ್ಷ. ಬಂದೂಕುಗಳು ಸುಮ್ಮನಾದ ಮರುದಿನದಿಂದಲೇ ಕೃಷ್ಣಾ ಭೀಮಾ ತುಂಗಭದ್ರೆಗಳ ತೀರಗಳಲ್ಲಿ ತರ್ಪಣದ ಹದಿನೈದು ದಿನಗಳು ಮೊದಲಾಗಬೇಕಾದುವು. ತರ್ಪಣದ ವಿಧಿಯಲ್ಲಿ ತಂದೆ ತಾತಂದಿರಿಗೆ, ಗುರುಗಳಿಗೆ, ಮಿತ್ರರಿಗೆ ನೀರು ಬಿಟ್ಟಾದ ಮೇಲೆ, ಬಂಧುಗಳಲ್ಲದವರಿಗೂ, ಹಿಂದಿನ ಜನ್ಮದಲ್ಲೆಂದೋ ಬಂಧುಗಳಾಗಿದ್ದವರಿಗೂ ನೀರು ಬಿಡುವ ಒಂದು ಭಾಗವುಂಟೆಂಬುದನ್ನು ಪುರೋಹಿತರು ಬಲ್ಲರು. ಅದನ್ನು ಅವಸರದಲ್ಲಿ ಗುಣುಗುಣಿಸಿ ಮುಗಿಸುವುದೇ ರೂಢಿ. ಆ ವರ್ಷದ ಮಹಾಲಯದಲ್ಲಿ ಆ ಬೊಗಸೆ ನೀರು, ಬಿಟ್ಟವರಿಗೆ ತಿಳಿಯದೆಯೇ, ಸೇತುವೆಯ ಎರಡು ದಡಗಳಲ್ಲಿಯೂ ಬಿದ್ದಿದ್ದವರಿಗೆ ಸಂದಿತು.

ತಿಳಿದೇ ಸಲ್ಲಿಸುವ ಪದ್ಧತಿ ಬೇರೆ ದೇಶಗಳಲ್ಲಿ ತಲೆದೋರಿದೆ. ಫ್ರಾನ್ಸಿನ ಉತ್ತರದಲ್ಲಿ, ನೋತ್ರ್ ದಾಮ್ ದ ಲೊರೆತ್ ಎಂಬ ಗುಡ್ಡದ ಮೇಲೆ, ೨೦೧೪ರ ನವೆಂಬರ್ ೧೧ರಂದು ಉಂಗುರದಾಕಾರದ ಸ್ಮಾರಕವೊಂದು ತೆರೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಆ ಪ್ರಾಂತ್ಯದಲ್ಲಿ ಸತ್ತ ಸುಮಾರು ೫,೮೦,೦೦೦ ಸೈನಿಕರ ಹೆಸರುಗಳು ಅದರ ಒಳಗೋಡೆಯ ಮೇಲಿವೆ. ದೇಶವಿಲ್ಲ, ದರ್ಜೆಯಿಲ್ಲ, ಪಕ್ಷವಿಲ್ಲ, ಅಕ್ಷರಾನುಕ್ರಮವೊಂದೇ. ಕೊಂದವನೂ ಕೊಲ್ಲಲ್ಪಟ್ಟವನೂ ಹೆಸರಿನ ಮೊದಲಕ್ಷರ ಒಂದಾದರೆ ಪಕ್ಕದಲ್ಲಿಯೇ ನಿಲ್ಲುತ್ತಾರೆ. ಲೆಕ್ಕಪತ್ರಗಳನ್ನು ಬಲ್ಲವರು ಈ ಏರ್ಪಾಟನ್ನು ಮೆಚ್ಚದಿರಲಾರರು. ಇದನ್ನು ಮಾಡಲು ಅವರಿಗೆ ನೂರು ವರ್ಷಗಳು ಬೇಕಾದುವು. ಯುದ್ಧ ಮುಗಿದ ಹೊಸದರಲ್ಲಿ ಪ್ರತಿಯೊಂದು ದೇಶವೂ ತನ್ನವರಿಗೆ ಮಾತ್ರ ಪ್ರತ್ಯೇಕ ಶ್ಮಶಾನಗಳನ್ನು ಕಟ್ಟಿಕೊಂಡಿತ್ತು. ತಾಯಂದಿರು ಬದುಕಿರುವಷ್ಟು ಕಾಲ ಅದು ಹಾಗಿದ್ದುದೇ ಸರಿಯೆಂದೂ ಹೇಳಬಹುದು. ಮಗನನ್ನು ಕಳೆದುಕೊಂಡವಳಿಗೆ ಉದಾರತೆಯನ್ನು ಉಪದೇಶಿಸಲು ಯಾರಿಗೂ ಅಧಿಕಾರವಿಲ್ಲ. ೧೯೪೮ರ ವಿಷಯದಲ್ಲಿ ಆ ತಾಯಂದಿರ ಕಾಲ ಈಗ ಮುಗಿದಿದೆ. ಮೊಮ್ಮಕ್ಕಳ ಕೈಯಲ್ಲಿ ಉಳಿದಿರುವುದು ಕೇಳಿದ ಕಥೆ, ಕೆಲವು ಕಾಗದಗಳು ಮತ್ತು ಇವನ್ನು ಏನು ಮಾಡಬೇಕೆಂಬ ಆಯ್ಕೆ.

ದೇವಾಲಯಗಳ ಪ್ರಾಕಾರಗಳಲ್ಲಿ ದೊರೆಯುವ ಹೆಸರಳಿದ ವೀರಗಲ್ಲುಗಳ ಮಟ್ಟಿಗೆ ಹಳ್ಳಿಯ ಹೆಂಗಸರು ಈ ಆಯ್ಕೆಯನ್ನು ಎಂದೋ ಮಾಡಿಬಿಟ್ಟಿದ್ದಾರೆ. ಮಳಖೇಡದವರು, ಕಲ್ಯಾಣದವರು, ಓರುಗಲ್ಲಿನವರು, ಗುಲಬರ್ಗೆಯವರು, ವಿಜಯನಗರದವರು, ಬಿಜಾಪುರ ಗೋಲ್ಕೊಂಡೆಗಳವರು ಸರದಿಯಂತೆ ತುಳಿದ ನೆಲವಿದು. ಹೋದ ಬಾರಿ ಶತ್ರುವಾಗಿದ್ದವನು ಈ ಬಾರಿ ದೊರೆ. ಕಲ್ಲಿನೊಳಗಿನವನು ಯಾರ ಕಡೆಯವನೆಂದು ಕೇಳದೆ ಅವರು ಅಮಾವಾಸ್ಯೆಗೊಮ್ಮೆ ಎಣ್ಣೆ ಹಚ್ಚಿ, ಕುಂಕುಮವಿಟ್ಟು, ಒಂದು ತಂಬಿಗೆ ನೀರು ಸುರಿದು ಹೋಗುತ್ತಾರೆ. ಜೀರ್ಣೋದ್ಧಾರ ಮಾಡುವವರ ಕರ್ತವ್ಯ ಇದಕ್ಕಿಂತ ಬಹಳ ದೊಡ್ಡದೇನೂ ಅಲ್ಲ. ಕಲ್ಲನ್ನು ಮೆಟ್ಟಿಲಿಗೂ ಚರಂಡಿಗೂ ಹಾಸದಿರುವುದು; ಮುಖ ಕಾಣುವಂತೆ ಗೋಡೆಯಿಂದ ಸ್ವಲ್ಪ ಬಿಟ್ಟು ನಿಲ್ಲಿಸುವುದು; ಅಕ್ಷರಗಳು ಮುಚ್ಚಿಹೋಗುವಂತೆ ಬಣ್ಣವನ್ನಾಗಲಿ ಸಿಮೆಂಟನ್ನಾಗಲಿ ಬಳಿಯದಿರುವುದು; ಯಾವ ದಿನ, ಪ್ರಾಕಾರದ ಯಾವ ಮೂಲೆಯಲ್ಲಿ, ಎಷ್ಟು ಆಳದಲ್ಲಿ ದೊರೆಯಿತೆಂಬುದನ್ನು ದೇವಸ್ಥಾನದ ಪುಸ್ತಕದಲ್ಲಿ ಕನ್ನಡ ತೆಲುಗುಗಳೆರಡರಲ್ಲಿಯೂ ಬರೆದಿಡುವುದು. ಹೆಸರು ಅಳಿದಿದ್ದರೆ ಊಹೆಯಿಂದ ಹೊಸ ಹೆಸರನ್ನು ಕೆತ್ತಿಸಬೇಕಾದುದಿಲ್ಲ. ಕೆಳಗಿನ ಅಂತಸ್ತಿನಲ್ಲಿ ಬಿದ್ದವನ ಮುಖದ ಮೇಲೆ ಸುಣ್ಣ ಗಟ್ಟಿಯಾಗಿ ಕುಳಿತಿದ್ದರೆ ಅದನ್ನು ಉಳಿಯಿಂದ ಕೆರೆಯಬಾರದು. ನೀರಿನಲ್ಲಿ ನೆನೆಯಿಸಿ, ಬಟ್ಟೆಯಿಂದ ಮೆಲ್ಲನೆ ಒರೆಸಬೇಕು.